ಉಪಗ್ರಹದ ಚುಕ್ಕೆ, ಹೊಲದ ಬಾಂದುಕಲ್ಲು

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ರೈತ ತನ್ನ ಹೊಲದಲ್ಲಿ ಏನು ಬೆಳೆದಿದ್ದಾನೆ ಎಂಬುದಕ್ಕೆ ಉತಾರವೊಂದೇ ಸಾಕ್ಷಿಯಾಗಿದ್ದ ಕಾಲ ಮುಗಿದಿದೆ. ಹೊಲದೊಳಗೆ ನಿಂತು ಮೊಬೈಲ್‌ನಲ್ಲಿ ತೆಗೆದ ಛಾಯಾಚಿತ್ರ ಮತ್ತು ಅದರೊಂದಿಗೆ ದಾಖಲಾಗುವ ಅಕ್ಷಾಂಶ, ರೇಖಾಂಶಗಳೇ ಈಗ ಮುಖ್ಯ ಪುರಾವೆ. ಬೆಂಬಲ ಬೆಲೆಯಲ್ಲಿ ತೊಗರಿ ಮಾರಬೇಕಾದರೂ, ಬೆಳೆ ವಿಮೆಯ ಹಣ ಬರಬೇಕಾದರೂ, ನೆರೆ ಅಥವಾ ಬರದ ಪರಿಹಾರ ಖಾತೆಗೆ ಜಮೆಯಾಗಬೇಕಾದರೂ ಬೆಳೆ ಸಮೀಕ್ಷೆಯ ಆ ದಾಖಲೆ ಸರಿಯಾಗಿರಬೇಕು. ಆದರೆ ಮೊಬೈಲ್ ತೋರಿಸುವ ಚುಕ್ಕೆ ನಿಜಕ್ಕೂ ಹೊಲದಲ್ಲಿದೆಯೇ, ಬದುವಿನಾಚೆ ನೆರೆಯವನ ಜಮೀನಿನಲ್ಲಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ಈ ಪ್ರಶ್ನೆಗೆ ಹಣದ ತೂಕ ಬಂತು. ನದಿದಂಡೆಯ ಇಂಡಿ, ಸಿಂದಗಿ ಭಾಗದ ಹೊಲಗಳು ಜಲಾವೃತಗೊಂಡವು. ರಾಜ್ಯ ಸರ್ಕಾರ ವಿಪತ್ತು ಪರಿಹಾರ ನಿಧಿಯ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿತು. ಇದರಿಂದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ನೀರಾವರಿ ಬೆಳೆಗೆ 25,500 ರೂಪಾಯಿ, ಬಹುವಾರ್ಷಿಕ ಬೆಳೆಗೆ 31,000 ರೂಪಾಯಿ ಎಂದಾಯಿತು. ತೊಗರಿ ಬೆಳೆದವನಿಗೂ ನಿಂಬೆತೋಟದವನಿಗೂ ಇರುವ ಅಂತರ ಹೆಕ್ಟೇರಿಗೆ 14,000 ರೂಪಾಯಿ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬ ನಮೂದು ತಪ್ಪಿದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆಕಾಶದ ಲೆಕ್ಕ

ಮೊಬೈಲ್ ತಾನಿರುವ ಜಾಗವನ್ನು ಕಂಡುಕೊಳ್ಳುವ ಬಗೆ ತಿಳಿಯದೆ ಈ ಗೊಂದಲ ಅರ್ಥವಾಗದು. ಉಪಗ್ರಹಗಳು ಮೊಬೈಲನ್ನು ನೋಡುತ್ತಿರುತ್ತವೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಬೇರೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮ ಸ್ಥಾನವನ್ನೂ ಸಮಯವನ್ನೂ ಎಡೆಬಿಡದೆ ಬಿತ್ತರಿಸುತ್ತವೆ. ಕೇಳಿಸಿಕೊಳ್ಳುವುದಷ್ಟೇ ಮೊಬೈಲ್‌ನ ಕೆಲಸ. ಸಂಕೇತ ಹೊರಟ ಕ್ಷಣಕ್ಕೂ ತಲುಪಿದ ಕ್ಷಣಕ್ಕೂ ಇರುವ ವ್ಯತ್ಯಾಸ, ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗದಷ್ಟು, ದೂರವನ್ನು ಹೇಳುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಾನ ಗೊತ್ತಾಗಬೇಕು. ಆದರೆ ಮೊಬೈಲ್‌ನ ಅಗ್ಗದ ಗಡಿಯಾರದ ತಪ್ಪನ್ನು ಸರಿಪಡಿಸಲು ನಾಲ್ಕನೆಯದೂ ಬೇಕು. ಬೆಳಕಿನ ವೇಗದ ಈ ವ್ಯವಹಾರದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ಲೆಕ್ಕ 300 ಮೀಟರ್ ಸರಿಯುತ್ತದೆ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇರುವುದು ಇದಕ್ಕಾಗಿಯೇ.

2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ಆಗ ತಪ್ಪು 100 ಮೀಟರ್‌ವರೆಗೂ ಹೋಗುತ್ತಿತ್ತು. ಆ ನಿರ್ಬಂಧ ತೆರವಾಗದಿದ್ದರೆ ಇಂದಿನ ಟ್ಯಾಕ್ಸಿ, ಊಟ ತಲುಪಿಸುವ ಉದ್ಯಮಗಳು ಈ ರೂಪದಲ್ಲಿ ಇರುತ್ತಿರಲಿಲ್ಲ. ಈಗ ತೆರೆದ ಆಕಾಶದ ಕೆಳಗೆ ಸಾಧಾರಣ ಸ್ಮಾರ್ಟ್‌ಫೋನ್‌ನ ತಪ್ಪು ಸುಮಾರು 5 ಮೀಟರ್. ಮರದ ಕೆಳಗೆ, ಗೋಡೆಯ ಪಕ್ಕದಲ್ಲಿ ಅದು ಹೆಚ್ಚುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ಬೆಂಗಳೂರಿನ ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗಳಿಗೆ ತಾಗಿ ಪ್ರತಿಫಲಿಸಿ ಮೊಬೈಲನ್ನು ದಾರಿ ತಪ್ಪಿಸುತ್ತದೆ. ಸಿಂದಗಿಯ ಎರೆ ಹೊಲದಲ್ಲಿ ಅಂಥ ಅಡ್ಡಿಯೇ ಇಲ್ಲ. ದಿಗಂತದಿಂದ ದಿಗಂತದವರೆಗೆ ಆಕಾಶ ತೆರೆದಿರುತ್ತದೆ. ಉಪಗ್ರಹಗಳ ದೃಷ್ಟಿಯಿಂದ ಮಹಾನಗರಕ್ಕಿಂತ ಇದು ಮೇಲು. ಆದರೂ ನಗರದಲ್ಲಿ ಚುಕ್ಕೆ ಕ್ಷಣಾರ್ಧದಲ್ಲಿ ಮೂಡುತ್ತದೆ, ಇಲ್ಲಿ ತಡವರಿಸುತ್ತದೆ.

ಕಾರಣ ನೆಲದಲ್ಲಿದೆ. ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಜಿಪಿಎಸ್ ಸಂಕೇತ ಸೆಕೆಂಡಿಗೆ ಕೇವಲ 50 ಬಿಟ್‌ನ ಆಮೆವೇಗದಲ್ಲಿ ಒಯ್ಯುತ್ತದೆ. ಒಂದು ಉಪಗ್ರಹದ ಕಕ್ಷೆಯ ವಿವರ ಪಡೆಯಲು ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪಡೆಯಲು ಹನ್ನೆರಡೂವರೆ ನಿಮಿಷ ಬೇಕು. ನಗರದ ಮೊಬೈಲ್ ಅದನ್ನು ಅಂತರ್ಜಾಲದಿಂದ ಒಮ್ಮೆಲೇ ಇಳಿಸಿಕೊಳ್ಳುತ್ತದೆ. ಸುತ್ತಲಿನ ವೈ–ಫೈ ಜಾಲಗಳ ಗುರುತಿನಿಂದಲೂ ಜಾಗ ಊಹಿಸುತ್ತದೆ. ಹೊಲದ ನಡುವೆ ವೈ–ಫೈ ಎಲ್ಲಿಂದ ಬರಬೇಕು? ನೆಟ್‌ವರ್ಕ್ ಕ್ಷೀಣವಾಗಿದ್ದಲ್ಲಿ ಮೊಬೈಲ್ ಮೊದಲು ಟವರ್‌ನ ಆಧಾರದಲ್ಲಿ ಅಂದಾಜು ತೋರಿಸುತ್ತದೆ. ಗ್ರಾಮೀಣ ಟವರ್ ಒಂದರ ವ್ಯಾಪ್ತಿ ಹಲವು ಕಿಲೋಮೀಟರ್. ನಕ್ಷೆಯ ಮೇಲೆ ಚುಕ್ಕೆಯ ಸುತ್ತ ಕಾಣುವ ತಿಳಿನೀಲಿ ವೃತ್ತ ಈ ಅನಿಶ್ಚಿತತೆಯ ಅಳತೆ. ವೃತ್ತ ಕುಗ್ಗುವವರೆಗೆ ಒಂದೆರಡು ನಿಮಿಷ ಬಯಲಿನಲ್ಲಿ ನಿಲ್ಲಬೇಕು. ದಿನಕ್ಕೆ ಹತ್ತಾರು ಹೊಲ ಮುಗಿಸಬೇಕಾದ ಸಮೀಕ್ಷೆದಾರನಿಗೆ ಆ ವ್ಯವಧಾನ ಇರುವುದು ಅನುಮಾನ.

ಭಾರತದ್ದೇ ಆದ ನಾವಿಕ್ ವ್ಯವಸ್ಥೆ ಈ ಚಿತ್ರವನ್ನು ಬದಲಿಸಬೇಕಿತ್ತು. 2013ರ ಜುಲೈನಲ್ಲಿ ಮೊದಲ ಉಪಗ್ರಹ ಹಾರಿತು, 2016ರಲ್ಲಿ ಏಳು ಉಪಗ್ರಹಗಳ ಸಮೂಹ ಪೂರ್ಣಗೊಂಡಿತು. ಬಳಿಕ ಆಮದು ಮಾಡಿಕೊಂಡ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ 29ರಂದು ಸ್ವದೇಶಿ ಗಡಿಯಾರ ಹೊತ್ತ ಎನ್‌ವಿಎಸ್–01 ಯಶಸ್ವಿಯಾಗಿ ಕಕ್ಷೆ ಸೇರಿತಾದರೂ, 2025ರ ಜನವರಿ 29ರಂದು ಉಡಾವಣೆಗೊಂಡ ಎನ್‌ವಿಎಸ್–02 ಉದ್ದೇಶಿತ ಕಕ್ಷೆ ತಲುಪಲಿಲ್ಲ.

ಗೆರೆ ಎಳೆದವರಾರು?

ಚುಕ್ಕೆ ಸರಿಯಾಗಿ ಮೂಡಿದರೂ ಸಮಸ್ಯೆ ಅಲ್ಲಿಗೆ ಮುಗಿಯದು. ಅದು ಬಂದು ಕೂರುವ ನಕ್ಷೆ ಸರಿಯಿರಬೇಕಲ್ಲ!

ಈ ತಾಲ್ಲೂಕುಗಳ ಸರ್ವೆ ನಂಬರುಗಳ ಮೂಲ ಹತ್ತೊಂಬತ್ತನೇ ಶತಮಾನದ ಮುಂಬಯಿ ಪ್ರಾಂತ್ಯದ ಭೂಮಾಪನದಲ್ಲಿದೆ. 33 ಅಡಿಯ ಸರಪಳಿ ಹಿಡಿದು ಹೊಲದಿಂದ ಹೊಲಕ್ಕೆ ನಡೆದು ಅಳೆದ ಕಾಲ ಅದು. 33 ಅಡಿ ಉದ್ದ, 33 ಅಡಿ ಅಗಲದ ಜಾಗವೇ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಸರಪಳಿಯ ಅಳತೆ ತೆರಿಗೆಗಾಗಿ ನಡೆದದ್ದು. ಕ್ಷೇತ್ರಫಲ ಸರಿಬಂದರೆ ಸಾಕಿತ್ತು. ಭೂಗೋಳದ ಮೇಲೆ ಆ ಹೊಲ ಯಾವ ಅಕ್ಷಾಂಶದಲ್ಲಿದೆ ಎಂಬ ಗೊಡವೆ ಯಾರಿಗೂ ಇರಲಿಲ್ಲ. ಆ ಗ್ರಾಮ ನಕ್ಷೆಗಳನ್ನು ಈಚಿನ ದಶಕಗಳಲ್ಲಿ ಗಣಕಕ್ಕೆ ಏರಿಸಿ, ಉಪಗ್ರಹ ಚಿತ್ರದ ಮೇಲೆ ಹಿಗ್ಗಿಸಿ ಕುಗ್ಗಿಸಿ ಕೂರಿಸಲಾಯಿತು. ಕಾಗದ ಸುಕ್ಕಾದಲ್ಲಿ, ಹಳ್ಳ ಹರಿವು ಬದಲಿಸಿದಲ್ಲಿ, ಬಾಂದುಕಲ್ಲು ಕಿತ್ತುಹೋದಲ್ಲಿ ಗೆರೆ ನೆಲದಿಂದ ಸರಿದಿರುತ್ತದೆ. ಈ ಸರಿತ ಮೊಬೈಲ್‌ನ 5 ಮೀಟರ್ ತಪ್ಪಿಗಿಂತ ದೊಡ್ಡದಿರಬಹುದು.

ಒಂದು ಗುಂಟೆಯ ಬದಿ ಸುಮಾರು 10 ಮೀಟರ್. ಅಣ್ಣತಮ್ಮಂದಿರು ಉದ್ದುದ್ದ ಪಾಲು ಮಾಡಿಕೊಂಡ ಒಂದು ಎಕರೆ ಪಟ್ಟಿಯನ್ನು ತೆಗೆದುಕೊಂಡರೆ, ಉದ್ದ 200 ಮೀಟರ್ ಇದ್ದಲ್ಲಿ ಅಗಲ 20 ಮೀಟರ್ ಮಾತ್ರ. ನಡುಮಧ್ಯೆ ನಿಂತವನಿಂದ ಬದುವಿಗೆ 10 ಮೀಟರ್. ಮೊಬೈಲ್ 5 ಮೀಟರ್, ನಕ್ಷೆ ಇನ್ನೊಂದು ಎಂಟು ಮೀಟರ್ ಒಂದೇ ಕಡೆ ತಪ್ಪಿದರೆ ತಮ್ಮನ ತೊಗರಿ ಅಣ್ಣನ ಹೊಲದಲ್ಲಿ ಬೆಳೆದಂತಾಗುತ್ತದೆ. ಪೋಡಿ ಆಗದ ಜಮೀನಿನಲ್ಲಂತೂ ಈ ಪ್ರಶ್ನೆಯೇ ಅಸಂಗತ. ಉತಾರದಲ್ಲಿ ನಾಲ್ಕು ಹೆಸರು, ನಕ್ಷೆಯಲ್ಲಿ ಒಂದೇ ಚೌಕ. ಉಪಗ್ರಹಕ್ಕೆ ಅಣ್ಣನಾರು, ತಮ್ಮನಾರು?

ಕರ್ನಾಟಕ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಯಾರಿಗಾದರೂ ತೋರಿಸುತ್ತದೆ. ಕೆರೆಯಂಗಳದ ನಿವೇಶನ ಕೊಳ್ಳಹೊರಟವನಿಗೆ ಅದು ಒಳ್ಳೆಯ ಎಚ್ಚರಿಕೆ. ಆದರೆ ಬದುವಿನ ತಂಟೆಗೆ ಅದನ್ನೇ ತೀರ್ಪೆಂದು ಹಿಡಿದು ಹೊರಡುವುದು ಅಪಾಯ. ಗಡಿ ಗುರುತಿಸಬೇಕಾದರೆ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರು ಬರುವವರೆಗೆ ಕಾಯಬೇಕು. ಅವರ ಕೈಗೆ ಈಗ ಬರುತ್ತಿರುವ ರೋವರ್ ಉಪಕರಣ, ಸ್ಥಿರ ನೆಲಕೇಂದ್ರಗಳ ನೆರವಿನಿಂದ ತಪ್ಪನ್ನು ಕೆಲವು ಸೆಂಟಿಮೀಟರಿಗೆ ಇಳಿಸಬಲ್ಲದು. ಅದೇ ಆಕಾಶ, ಅದೇ ಉಪಗ್ರಹ; ವ್ಯತ್ಯಾಸ ನೆಲದ ಸಿದ್ಧತೆಯಲ್ಲಿ.

ಸಾಕ್ಷ್ಯ ಒದಗಿಸುವ ಹೊಣೆ ಮಾತ್ರ ಕೆಳಗಿನವರ ಹೆಗಲಿಗೇ ಬಿದ್ದಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಲು ಆ್ಯಪ್ ಬಂತು. ಸ್ಮಾರ್ಟ್‌ಫೋನ್ ಇಲ್ಲದವರ ಹೊಲಕ್ಕೆ ಊರಿನ ಖಾಸಗಿ ನಿವಾಸಿ ಎಂದು ನೇಮಕಗೊಂಡ ಯುವಕ ಹೋಗುತ್ತಾನೆ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಕೂಲಿಕಾರರ ಹಾಜರಾತಿಗೆ ಸ್ಥಳ ಸಹಿತ ಛಾಯಾಚಿತ್ರ ಕಡ್ಡಾಯವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಆ್ಯಪ್‌ಗಳ ಹೊರೆಯ ವಿರುದ್ಧವೇ ಮುಷ್ಕರಕ್ಕಿಳಿದರು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರ್ ಆಧರಿಸಿ ಮನೆಗಳ ಸ್ಥಳ ಗುರುತಿಸಿದ್ದರೂ, ನಕ್ಷೆ ತೋರಿಸಿದ ಕಡೆ ಮನೆಯೇ ಸಿಗದೆ ಶಿಕ್ಷಕರು ಅಲೆದಾಡಿದರು.

ಬೆಳೆ ತಪ್ಪಾಗಿ ನಮೂದಾಗಿದ್ದರೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಆದರೆ ರೈತ ಅದನ್ನು ತೆರೆದು ನೋಡುವುದು ವಿಮೆ ತಿರಸ್ಕೃತವಾದ ಮೇಲೆ, ಅಷ್ಟರಲ್ಲಿ ಬೆಳೆ ರಾಶಿಯಾಗಿರುತ್ತದೆ. ಬರಿದಾದ ಹೊಲದಲ್ಲಿ ಯಾವ ಚಿತ್ರ ತೆಗೆಯಬೇಕು? ಆಕ್ಷೇಪಣೆಯ ಗಡುವನ್ನು ಕಟಾವಿಗೆ ಮುನ್ನವೇ ಗ್ರಾಮ ಪಂಚಾಯಿತಿಯಲ್ಲಿ ಪಟ್ಟಿ ಓದಿ ತಿಳಿಸುವುದಕ್ಕೆ ಯಾವ ಉಪಗ್ರಹವೂ ಬೇಕಿಲ್ಲ.

ಬಸವನ ಬಾಗೇವಾಡಿಯ ಕಡೆ, ಅದರಿಂದ ಬೇರ್ಪಟ್ಟ ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳಲ್ಲಿ, ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಜಮೀನು ಎಲ್ಲಿದೆ ಎಂಬುದರಷ್ಟೇ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಗೆ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನೀಡಲು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಎರಡು ಮಟ್ಟಗಳ ನಡುವಿನ ಅಂತರ ಐದು ಮೀಟರ್‌ಗೂ ಕಡಿಮೆ. ಮೊಬೈಲ್ ಎತ್ತರವನ್ನು ಹೇಳುವಾಗ ಮಾಡುವ ತಪ್ಪು, ಸ್ಥಾನ ಹೇಳುವಾಗ ಮಾಡುವ ತಪ್ಪಿಗಿಂತ ಸಾಮಾನ್ಯವಾಗಿ ದೊಡ್ಡದು. ಹಿನ್ನೀರಿನ ಅಂಚಿನ ಹೊಲದಲ್ಲಿ ನಿಂತು ಮೊಬೈಲ್ ನೋಡಿ, ತನ್ನ ಭೂಮಿ ಮುಳುಗುತ್ತದೆಯೋ ಉಳಿಯುತ್ತದೆಯೋ ಎಂದು ನಿರ್ಧರಿಸಲು ಹೊರಟವನಿಗೆ ಅದರ ಪರದೆಯ ಮೇಲಿನ ಅಂಕಿ ಯಾವ ಉತ್ತರವನ್ನೂ ಕೊಡದು. ಅಲ್ಲಿ ಭೂಮಾಪಕನ ಮಟ್ಟದ ಉಪಕರಣವೇ ಬರಬೇಕು.