ಇದ್ದೂ ದಕ್ಕದ ಪೋಷಕಾಂಶ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದೊಡನೆ ನೆನಪಾಗುವುದು ಸುಣ್ಣಕಲ್ಲು. ವಾಡಿಯ ಸಿಮೆಂಟಿಗೂ ಶಹಾಬಾದಿ ಹಾಸುಗಲ್ಲಿಗೂ ಅದೇ ಮೂಲ. ಕಾರ್ಖಾನೆಗಳಿಗೆ ಸಂಪತ್ತಾದ ಈ ಸುಣ್ಣವೇ ಹೊಲದಲ್ಲಿ ರೈತನ ಹಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಸಂಗತಿಗೆ ನಮ್ಮ ಗೊಬ್ಬರ ನೀತಿಯಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

ಸುಣ್ಣಾಂಶ ಹೆಚ್ಚಿರುವ ಕಪ್ಪು ಮಣ್ಣಿಗೆ ಡಿಎಪಿ ಹಾಕಿದಾಗ ಅದರ ರಂಜಕದ ಒಂದು ಪಾಲು ಕ್ಯಾಲ್ಸಿಯಂ ಜೊತೆ ಬೆಸೆದುಕೊಂಡು ಸುಲಭವಾಗಿ ಕರಗದ ರೂಪ ತಾಳುತ್ತದೆ. ಮಣ್ಣಿನ ಕ್ಷಾರಗುಣದಿಂದ ಸತು ಮತ್ತು ಕಬ್ಬಿಣಗಳೂ ಬೇರಿಗೆ ಎಟುಕುವುದಿಲ್ಲ. ರಂಜಕವನ್ನು ಅತಿಯಾಗಿ ಸುರಿದರೆ ಸತುವಿನ ಕೊರತೆ ಉಲ್ಬಣಿಸುತ್ತದೆ. ಚಿಂಚೋಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಾದರೋ ರಂಜಕವನ್ನು ಹಿಡಿದಿಡುವುದು ಕಬ್ಬಿಣ. ಅಂದರೆ, ಪೋಷಕಾಂಶ ಇರುವುದು ಬೇರೆ, ಗಿಡಕ್ಕೆ ದಕ್ಕುವುದು ಬೇರೆ.

ಇದು ಬಯಲುಸೀಮೆಯ ಸಮಸ್ಯೆ ಮಾತ್ರವಲ್ಲ. ಉಷ್ಣವಲಯದ ಸಮುದ್ರಗಳಲ್ಲಿ ಹವಳದ ಸುಣ್ಣಮರಳಿನ ಮೇಲೆ ಬೆಳೆಯುವ ಕಡಲಹುಲ್ಲೂ ಅನೇಕ ಕಡೆ ರಂಜಕದ ಅಭಾವದಿಂದಲೇ ಸೊರಗುತ್ತದೆ. ಅಮೆರಿಕದ ಫ್ಲೋರಿಡಾ ಕೊಲ್ಲಿಯಲ್ಲಿ ನೆಟ್ಟ ಗೂಟಗಳ ಮೇಲೆ ಹಕ್ಕಿಗಳು ಕೂರತೊಡಗಿದಾಗ, ಅವುಗಳ ಹಿಕ್ಕೆ ಬಿದ್ದಲ್ಲಿ ಹುಲ್ಲು ಸೊಂಪಾಗಿ ಬೆಳೆದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಪೋಷಕಾಂಶ ಮಿತಿಮೀರಿದರೆ ಪಾಚಿ ಹಬ್ಬಿ, ಬೆಳಕು ಸಿಗದೆ ಅದೇ ಹುಲ್ಲು ನಾಶವಾಗುತ್ತದೆ. ಕೊರತೆ ಯಾವುದರದು ಎಂದು ತಿಳಿದು ಹಿತಮಿತವಾಗಿ ಕೊಡಬೇಕೆಂಬ ನಿಯಮ ಕಡಲಿಗೂ ಹೊಲಕ್ಕೂ ಒಂದೇ.

ನಮ್ಮ ಸಬ್ಸಿಡಿ ವ್ಯವಸ್ಥೆ ಈ ನಿಯಮವನ್ನು ಕಡೆಗಣಿಸಿದೆ. ಪೋಷಕಾಂಶ ಆಧಾರಿತ ಸಬ್ಸಿಡಿ 2010ರಲ್ಲಿ ಜಾರಿಗೆ ಬಂದರೂ ಯೂರಿಯಾವನ್ನು ಅದರ ಹೊರಗೇ ಇಡಲಾಯಿತು. ಅಗ್ಗದ್ದು ಹೆಚ್ಚು ಖರ್ಚಾಗುವುದು ಅರ್ಥಶಾಸ್ತ್ರದ ಮೊದಲ ಪಾಠ. ಬೇರಿನ ಗಂಟುಗಳ ಮೂಲಕ ಸಾರಜನಕವನ್ನು ತಾನೇ ಬಹುಮಟ್ಟಿಗೆ ಒದಗಿಸಿಕೊಳ್ಳಬಲ್ಲ ತೊಗರಿಯ ನಾಡಿನಲ್ಲಿ ಇದು ಇನ್ನಷ್ಟು ಅಸಂಗತ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಗೆ ಬೇಕಿರುವುದು ಸಾರಜನಕಕ್ಕಿಂತ ದಕ್ಕುವ ರಂಜಕ, ಗಂಧಕ ಮತ್ತು ಸತು.

ದಾರಿ ಅಪರಿಚಿತವೇನಲ್ಲ. ಇಕ್ರಿಸ್ಯಾಟ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2009ರಲ್ಲಿ ಆರಂಭಿಸಿದ ‘ಭೂಚೇತನ’ ಮಣ್ಣು ಪರೀಕ್ಷೆಯನ್ನು ಆಧರಿಸಿ ಸತು, ಬೋರಾನ್, ಗಂಧಕಗಳನ್ನು ಮಳೆಯಾಶ್ರಿತ ರೈತರಿಗೆ ರಿಯಾಯಿತಿ ದರದಲ್ಲಿ ತಲುಪಿಸಿತ್ತು. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯೂ ಬಂದಿತು. ಆಡಳಿತದಲ್ಲಿ ದಶಕಗಳನ್ನು ಕಳೆದ ಅನುಭವದಿಂದ ಹೇಳುವುದಾದರೆ, ಹಂಚಿದ ಚೀಲಗಳನ್ನೂ ಚೀಟಿಗಳನ್ನೂ ಎಣಿಸುವುದು ಸುಲಭ. ಗಿಡಕ್ಕೆ ದಕ್ಕಿದ್ದನ್ನು ಅಳೆಯುವುದು ಕಷ್ಟ. ಆದರೂ ಅಳೆಯಬೇಕಾದದ್ದು ಅದನ್ನೇ.

ಆದ್ದರಿಂದ ಪರೀಕ್ಷೆಯ ಫಲಿತಾಂಶ ಮುಂಗಾರು ಬಿತ್ತನೆಗೆ ಮುನ್ನ ರೈತನ ಕೈಸೇರಲಿ. ಅದರಲ್ಲಿ ಸೂಚಿಸಿದ ಪೋಷಕಾಂಶ ರೈತ ಸಂಪರ್ಕ ಕೇಂದ್ರದಲ್ಲಿ ಅದೇ ವಾರ ಸಿಗಲಿ. ಕೊಟ್ಟಿಗೆ ಗೊಬ್ಬರ ಮತ್ತು ರಂಜಕ ಕರಗಿಸುವ ಜೀವಾಣು ಗೊಬ್ಬರಕ್ಕೂ ಸಬ್ಸಿಡಿಯಲ್ಲಿ ನ್ಯಾಯವಾದ ಪಾಲಿರಲಿ. ಇಲ್ಲವಾದರೆ ಖಜಾನೆಯ ಹಣ ಕಾಗಿಣಾ ತೀರದ ಸುಣ್ಣದಲ್ಲಿ ಹೂತುಹೋಗುತ್ತಲೇ ಇರುತ್ತದೆ.