ಹಗಲಿಗೆ ಬಂದ ಬರ

ಚಳಿಗಾಲವೆಂದರೆ ನಮ್ಮ ನಾಡಿನವರಿಗೆ ಅಂಜಿಕೆಯ ಮಾತಲ್ಲ. ಬಾಯಲ್ಲಿ ನೀರೂರಿಸುವ ಮಾತು. ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬರುವ ಕಾಲವದು. ಧನುರ್ಮಾಸದ ಬೆಳಗಿನಲ್ಲಿ ದೇವಸ್ಥಾನದ ಬಿಸಿ ಹುಗ್ಗಿ ದೊನ್ನೆಗೆ ಬೀಳುವ ಕಾಲ. ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿರಿಯರು ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕುವ ಕಾಲ. ಎಂಟು ಗಂಟೆಯ ಬಿಸಿಲು ಜಗಲಿಗೆ ಬಂದು ಕುಳಿತಿತೆಂದರೆ ಚಳಿಯ ಕಥೆ ಅಲ್ಲಿಗೆ ಮುಗಿಯಿತು. ಆದ್ದರಿಂದಲೇ ಮಗನೋ ಮಗಳೋ ಇಂಗ್ಲೆಂಡಿಗೆ ಹೊರಟು ನಿಂತಾಗ ಮನೆಯವರ ಯೋಚನೆಯೆಲ್ಲ ಉಣ್ಣೆಯ ಬಟ್ಟೆಯ ಸುತ್ತಲೇ ಸುಳಿಯುತ್ತದೆ. ಅಜ್ಜಿ ಹೆಣೆದ ಸ್ವೆಟರು, ಅತ್ತೆ ಕೊಟ್ಟ ಶಾಲು, ಕೈಚೀಲ, ಕಾಲುಚೀಲಗಳಿಂದ ಪೆಟ್ಟಿಗೆ ತುಂಬುತ್ತದೆ. ಚಳಿಯನ್ನು ಎದುರಿಸಲು ಸಕಲ ಸಿದ್ಧತೆಯೂ ನಡೆಯುತ್ತದೆ; ಕತ್ತಲೆಯನ್ನು ಎದುರಿಸಲು ಮಾತ್ರ ಯಾರೂ ಏನನ್ನೂ ಕಟ್ಟಿ ಕಳುಹಿಸುವುದಿಲ್ಲ.

ನಿಜವಾದ ತೊಡಕು ಇರುವುದು ಅಲ್ಲಿಯೇ. ಚಳಿಗೆ ಉಪಾಯವುಂಟು. ಮನೆ, ಕಚೇರಿ, ರೈಲುಗಾಡಿ ಎಲ್ಲವನ್ನೂ ಬೆಚ್ಚಗಿಡುವ ವ್ಯವಸ್ಥೆ ಆ ದೇಶಗಳಲ್ಲಿದೆ. ಆದರೆ ಆಕಾಶವನ್ನು ಬೆಳಗಿಸುವವರು ಯಾರು? ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಗಳಿಗೆ ಕಡಮೆಯಿಲ್ಲ. ಲಂಡನ್ನಿನಲ್ಲಿ ಅದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಹೆಲ್ಸಿಂಕಿಯಲ್ಲಿ ಆರು ಗಂಟೆಗೂ ಕಡಮೆ. ನಾರ್ವೆಯ ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯೋದಯವೆಂಬುದೇ ಇಲ್ಲ. ಇರುವ ಹಗಲಾದರೂ ಎಂಥದು? ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಕೇವಲ 15 ಡಿಗ್ರಿ. ಅಷ್ಟು ತಗ್ಗಿನ ಸೂರ್ಯನ ಮುಂದೆ ಮೋಡದ ತೆರೆಯೂ ಇಳಿಯಿತೆಂದರೆ, ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯನ್ನು ತಲೆಯ ಮೇಲೆ ಕವುಚಿಟ್ಟಂತೆ ಆಕಾಶ ವಾರಗಟ್ಟಲೆ ನಿಂತುಬಿಡುತ್ತದೆ. ಬೆಳಗಾಗುವ ಮುನ್ನ ಕೆಲಸಕ್ಕೆ ಹೊರಟವನು ದೀಪ ಹೊತ್ತಿದ ಮೇಲೆಯೇ ಮನೆ ಸೇರುತ್ತಾನೆ. ಶನಿವಾರ ಬರುವವರೆಗೆ ಅವನಿಗೂ ಹಗಲಿಗೂ ಮುಖಾಮುಖಿಯಿಲ್ಲ.

ಇದು ಕೇವಲ ಮನಸ್ಸಿನ ಕಲ್ಪನೆಯಲ್ಲ. ನಮ್ಮ ದೇಹದೊಳಗೆ ಒಂದು ಗಡಿಯಾರವುಂಟು. ಪ್ರತಿದಿನ ಅದಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಕಣ್ಣಿನ ಮೂಲಕ ಮಿದುಳಿಗೆ ಬೆಳಕು ತಲುಪಿದಾಗ, ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಎಂಬ ರಸದ ಉತ್ಪತ್ತಿ ತಗ್ಗುತ್ತದೆ. ಬೆಳಕು ಸಾಲದಾದರೆ ಗಡಿಯಾರ ಹಿಂದೆ ಬೀಳುತ್ತದೆ. ದಕ್ಷಿಣ ಆಫ್ರಿಕದ ಬಿಸಿಲಿನಲ್ಲಿ ಬೆಳೆದು, 1976ರಲ್ಲಿ ಅಮೆರಿಕಕ್ಕೆ ಬಂದ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರು, ಅಲ್ಲಿನ ಚಳಿಗಾಲದಲ್ಲಿ ತಮ್ಮ ಚೈತನ್ಯವೇ ಉಡುಗುವುದನ್ನು ಕಂಡರು. ಮುಂದೆ 1984ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಈ ಋತುಮಾನದ ಖಿನ್ನತೆಯನ್ನು ಶಾಸ್ತ್ರೀಯವಾಗಿ ವಿವರಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟರು.

ಇದರ ಲಕ್ಷಣಗಳನ್ನು ನಮ್ಮ ಮನೆಗಳಲ್ಲಿ ಗುರುತಿಸುವುದು ಸುಲಭವಲ್ಲ. ಎಷ್ಟು ಮಲಗಿದರೂ ತೀರದ ನಿದ್ರೆ, ಅನ್ನ ಸಿಹಿತಿಂಡಿಗಳ ಮೇಲೆ ಅತಿಯಾದ ಆಸೆ, ಏರುವ ತೂಕ, ನಾಲ್ಕು ಜನರೊಡನೆ ಬೆರೆಯಲು ಬೇಸರ, ಕೈಹಿಡಿದ ಕೆಲಸದಲ್ಲಿ ನಿರಾಸಕ್ತಿ. ಇವನ್ನೆಲ್ಲ ಕಂಡು ನಾವು ಕೊಡುವ ಹೆಸರು ಒಂದೇ: ಸೋಮಾರಿತನ. ಹೊಸದಾಗಿ ಮದುವೆಯಾಗಿ ಗಂಡನ ಹಿಂದೆ ಪರದೇಶಕ್ಕೆ ಹೋದ ಹುಡುಗಿಯ ಪಾಡನ್ನು ನೆನೆಯಿರಿ. ಗಂಡ ಕಚೇರಿಗೆ ಹೋದ ಮೇಲೆ ಮಾತನಾಡಲು ಒಂದು ಪಿಳ್ಳೆಯಿಲ್ಲ. ಕಿಟಕಿಯಾಚೆ ಬೂದುಬಣ್ಣವಲ್ಲದೆ ಬೇರೆ ಬಣ್ಣವಿಲ್ಲ. ಅವಳು ದೂರವಾಣಿಯಲ್ಲಿ ಸಪ್ಪೆಯಾಗಿ ಮಾತನಾಡಿದರೆ ತವರಿನವರು, "ಅಲ್ಲಿ ನಿನಗೇನಮ್ಮ ಕಡಮೆ?" ಎನ್ನುತ್ತಾರೆ. ಅವಳಿಗೆ ಕಡಮೆಯಾಗಿರುವುದು ಹಣವಲ್ಲ, ಒಡವೆಯಲ್ಲ, ಹಗಲು. ಆದರೆ ಅದನ್ನು ಕೊರತೆಯೆಂದು ಹೇಳಿಕೊಳ್ಳಲು ಅವಳಿಗೂ ಮಾತು ಸಿಗುವುದಿಲ್ಲ. ತಾನೇ ಕೈಲಾಗದವಳೆಂದು ಅವಳು ನಂಬಿಬಿಡುವುದು ಈ ಕತ್ತಲೆಯ ಎಲ್ಲಕ್ಕಿಂತ ದೊಡ್ಡ ಅಪಾಯ.

ಮನಸ್ಸಿನ ಮಾತು ಹೀಗಾದರೆ ಮೂಳೆಯ ಮಾತು ಇನ್ನೊಂದು. ಚರ್ಮದ ಮೇಲೆ ಬಿಸಿಲು ಬಿದ್ದಾಗ ದೇಹ ತಾನೇ 'ಡಿ' ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಬ್ರಿಟನ್ನಿನ ಚಳಿಗಾಲದ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣಗಳು ಸಾಕಷ್ಟಿರುವುದಿಲ್ಲ. ನಮ್ಮಂಥ ಕಂದುಬಣ್ಣದ ಚರ್ಮಕ್ಕೆ ಬೇಸಗೆಯಲ್ಲಿಯೂ ಹೆಚ್ಚು ಬಿಸಿಲು ಬೇಕು. 1960ರ ದಶಕದಲ್ಲಿ, ಭಾರತ ಪಾಕಿಸ್ತಾನಗಳಿಂದ ಗ್ಲಾಸ್ಗೋ ನಗರಕ್ಕೆ ವಲಸೆ ಬಂದಿದ್ದ ಕುಟುಂಬಗಳ ಮಕ್ಕಳಲ್ಲಿ, ಮೂಳೆ ಮೆದುವಾಗಿ ಕಾಲು ಸೊಟ್ಟಾಗುವ ರಿಕೆಟ್ಸ್ ರೋಗವನ್ನು ವೈದ್ಯರು ಕಂಡರು. ಹೊಟ್ಟೆಗಿದ್ದ ಮನೆಗಳ ಮಕ್ಕಳಿಗೂ ಬಿಸಿಲಿನ ಬಡತನ ತಟ್ಟಿತ್ತು. ಇಂದು ಅಲ್ಲಿನ ಆರೋಗ್ಯ ಇಲಾಖೆ, ಚಳಿಗಾಲದಲ್ಲಿ ದೊಡ್ಡವರೆಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ 'ಡಿ' ಜೀವಸತ್ವದ ಮಾತ್ರೆ ಸೇವಿಸುವುದನ್ನು ಆಲೋಚಿಸಬೇಕೆನ್ನುತ್ತದೆ. ನಮ್ಮ ಮೈಬಣ್ಣದವರಿಗೆ ಈ ಸಲಹೆ ವರ್ಷವಿಡೀ ಅನ್ವಯಿಸುತ್ತದೆ. ಕಿಟಕಿಯ ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ಮೈ ಬೆಚ್ಚಗಾದೀತು, ಈ ಸತ್ವ ಹುಟ್ಟದು.

ಹಾಗಾದರೆ ಪರಿಹಾರವೇನು? ಮೊದಲನೆಯದು, ಮೋಡವೆಂದು ಮನೆಯೊಳಗೆ ಕೂಡದಿರುವುದು. ದೀಪ ಉರಿಯುವ ಕೋಣೆಯ ಬೆಳಕನ್ನು ಅಳೆದರೆ ಕೆಲವು ನೂರು ಲಕ್ಸ್ ಸಿಕ್ಕೀತು. ಮಂಕು ಕವಿದ ಹಗಲಿನಲ್ಲಿಯೂ ಬಯಲಿನ ಬೆಳಕು ಸಾಮಾನ್ಯವಾಗಿ ಸಾವಿರವನ್ನು ಮೀರುತ್ತದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ ನಡೆದು ಬರುವುದು ಔಷಧಕ್ಕೆ ಸಮಾನ. ಎರಡನೆಯದು, ರಜೆಯ ದಿನವೂ ಒಂದೇ ಹೊತ್ತಿಗೆ ಏಳುವುದು. ಮೂರನೆಯದು, ಹತ್ತು ಸಾವಿರ ಲಕ್ಸ್ ಬೆಳಕು ಚೆಲ್ಲುವ ದೀಪದ ಪೆಟ್ಟಿಗೆಯ ಮುಂದೆ ಬೆಳಗಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವುದು. ಕಣ್ಣಿನ ತೊಂದರೆಯಿರುವವರೂ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರೂ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಬೇಸರ ವಾರಗಟ್ಟಲೆ ಉಳಿದು, ಬದುಕೇ ಬೇಡವೆನಿಸಿದರಂತೂ ವೈದ್ಯರಲ್ಲಿಗೆ ಹೋಗಲು ಒಂದು ದಿನವೂ ತಡಮಾಡಬಾರದು.

ಕತ್ತಲೆಯೊಡನೆ ಬಾಳುವುದು ಹೇಗೆಂಬುದಕ್ಕೆ ನಾರ್ವೆಯ ರ್ಯೂಕನ್ ಎಂಬ ಊರು ನಮಗೆ ಪಾಠ ಹೇಳುತ್ತದೆ. ಆಳವಾದ ಕಣಿವೆಯಲ್ಲಿರುವ ಆ ಊರಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದಿಲ್ಲ. ಬೆಟ್ಟ ಅಡ್ಡ ನಿಲ್ಲುತ್ತದೆ. ಜನ ಮೇಲಕ್ಕೆ ಹೋಗಿ ಸೂರ್ಯನ ಮುಖ ನೋಡಿಕೊಂಡು ಬರಲೆಂದು, ಅಲ್ಲಿನ ಜಲವಿದ್ಯುತ್ ಕಂಪನಿಯವರು 1928ರಲ್ಲಿ ತಂತಿಯ ಮೇಲೆ ಸಾಗುವ ತೊಟ್ಟಿಲುಗಾಡಿಯನ್ನೇ ಕಟ್ಟಿಸಿಕೊಟ್ಟರು. ಮುಂದೆ ಆ ಊರಿಗೆ ಹೊಸದಾಗಿ ಬಂದು ನೆಲೆಸಿದ ಕಲಾವಿದನೊಬ್ಬ, ಹಿಂದೆ 1913ರಲ್ಲಿಯೇ ಕೇಳಿಬಂದಿದ್ದ ಯೋಚನೆಗೆ ಮರುಜೀವ ಕೊಟ್ಟ. ಅದರ ಫಲವಾಗಿ 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಸೂರ್ಯ ಸರಿದಂತೆ ತಾವೂ ತಿರುಗುತ್ತ, ಅವು ಊರಿನ ಚೌಕಕ್ಕೆ ಬಿಸಿಲನ್ನು ಎಸೆಯುತ್ತವೆ. ಬೆಳಗುವುದು ಆರುನೂರು ಚದರ ಮೀಟರಿನಷ್ಟು ನೆಲ ಮಾತ್ರ. ಆದರೆ ಅಷ್ಟರಲ್ಲಿಯೇ ಊರಿನವರು ಬಂದು ನಿಂತು ಮುಖವೆತ್ತುತ್ತಾರೆ. ತಲೆಮಾರುಗಳಿಂದ ಅಲ್ಲಿಯೇ ಬಾಳಿದವರಿಗೇ ಬಿಸಿಲಿಗಾಗಿ ಇಷ್ಟು ಹಂಬಲವಿದ್ದರೆ, ನೆರಳು ಹುಡುಕುತ್ತ ಬೆಳೆದ ನಮ್ಮ ಮಕ್ಕಳು ಬಾಡುವುದರಲ್ಲಿ ಆಶ್ಚರ್ಯವೇನು?

ಇಲ್ಲಿರುವ ತಂದೆತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಇನ್ನು ಮುಂದೆ ಮಕ್ಕಳೊಡನೆ ಮಾತನಾಡುವಾಗ, "ಊಟವಾಯಿತೆ?" ಎಂದು ಕೇಳಿದ ಮೇಲೆ, "ಇವತ್ತು ಹೊರಗೆ ಹೋಗಿ ಬಂದೆಯಾ?" ಎಂದೂ ಕೇಳಿರಿ. ಮೊಮ್ಮಗುವಿನ ಬಾಣಂತನಕ್ಕೆಂದು ನೀವೇ ಹೊರಡುವುದಾದರೆ, ಸಾಧ್ಯವಿದ್ದಲ್ಲಿ ಏಪ್ರಿಲ್ ಕಳೆದ ಮೇಲಿನ ದಿನಗಳನ್ನು ನೋಡಿಕೊಳ್ಳಿರಿ. ಆಗದಿದ್ದರೆ, ಕತ್ತಲೆ ಇರುವುದೆಂದು ತಿಳಿದೇ ಹೋಗಿರಿ. ತಿಳಿದು ಹೋದವರನ್ನು ಅದು ಅಷ್ಟಾಗಿ ಹೆದರಿಸದು.

ಸಂಕ್ರಾಂತಿಯಂದು ನಾವೆಲ್ಲ ಉತ್ತರಾಯಣ ಪುಣ್ಯಕಾಲವೆನ್ನುತ್ತೇವೆ. ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಸೂರ್ಯ ಉತ್ತರಕ್ಕೆ ತಿರುಗಿದ್ದು ನಮ್ಮ ಅನುಭವಕ್ಕೆ ಬರುವುದೇ ಇಲ್ಲ, ಪಂಚಾಂಗ ನೋಡಿ ನಂಬಬೇಕು. ಲಂಡನ್ನಿನಲ್ಲಿ ಆ ಅಂತರ ಎಂಟು ಗಂಟೆಗೂ ಮೀರಿದ್ದು. ಡಿಸೆಂಬರ್ 21ರ ಸುಮಾರಿಗೆ ತಳ ಮುಟ್ಟಿದ ಹಗಲು, ನಮ್ಮ ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಇಪ್ಪತ್ತೈದು ನಿಮಿಷಗಳಷ್ಟು ಬೆಳೆದಿರುತ್ತದೆ. ಎಳ್ಳು ಬೆಲ್ಲದ ಪೊಟ್ಟಣವನ್ನು ಅಂಚೆಗೆ ಹಾಕುವಾಗ ಈ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದು ಇಡಿ. ಉತ್ತರಾಯಣವೆಂಬ ಮಾತಿಗೆ ನಿಮಗಿಂತ ಚೆನ್ನಾಗಿ ಅರ್ಥ ತಿಳಿದವರು ಆ ಮನೆಯಲ್ಲಿದ್ದಾರೆ.