ಜಿಪುಣ ಸವಾರನ ಲೆಕ್ಕಪುಸ್ತಕ

ಹಳೆಯ ಇಟಾಲಿಯನ್ ಸ್ಪೋರ್ಟ್ ಟೂರಿಂಗ್ ಬೈಕು ಕೊಳ್ಳಹೊರಟ ಯುರೋಪಿನ ಸವಾರ ಲೆಕ್ಕದಲ್ಲಿ ಬಲು ಜಿಪುಣ. ಬೊಲೊನ್ಯಾದ ಡುಕಾಟಿ ಕಂಪನಿ 1997ರಿಂದ 2007ರವರೆಗೆ ತಯಾರಿಸಿದ ಎಸ್‌ಟಿ ಸರಣಿಯಲ್ಲಿ ವಾಲ್ವ್ ತೆರೆಯುವುದಕ್ಕಷ್ಟೇ ಅಲ್ಲ, ಮುಚ್ಚುವುದಕ್ಕೂ ಪ್ರತ್ಯೇಕ ಸನ್ನೆಗೋಲುಗಳಿವೆ. ಅವುಗಳ ಸಂದು ಸರಿಪಡಿಸಲು ನುರಿತ ಕೈಯೇ ಬೇಕು. ಕ್ಯಾಮ್ ತಿರುಗಿಸುವ ರಬ್ಬರ್ ಬೆಲ್ಟ್, ಬೈಕು ಓಡದೆ ನಿಂತಿದ್ದರೂ ಹಳತಾಗುತ್ತದೆ. ಅದು ಹರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳು. ಕೋಮೊ ಸರೋವರದ ದಡದ ಮಾಂಡೆಲ್ಲೊದಿಂದ 2006ರಲ್ಲಿ ಬಂದ ಮೋಟೋ ಗುಟ್ಸಿ ನಾರ್ಗೆ 1200ಕ್ಕೆ ಚೈನಿಲ್ಲ, ಶಾಫ್ಟ್ ಇದೆ; ಸಿಲಿಂಡರುಗಳು ಇಕ್ಕೆಲಕ್ಕೆ ಚಾಚಿರುವುದರಿಂದ ಸಂದನ್ನು ಮಾಲೀಕನೇ ಮನೆಯಲ್ಲಿ ಹೊಂದಿಸಬಲ್ಲ. ತಾನೇ ಬಿಚ್ಚಿ ಜೋಡಿಸಬಲ್ಲ ಯಂತ್ರವನ್ನು ಯಾರೂ ಬೇಗ ಗುಜರಿಗೆ ಹಾಕುವುದಿಲ್ಲ. ಆದ್ದರಿಂದ ಇದೇ ಮೇಲು.

ಆದರೆ ಈ ಬೈಕುಗಳು ಏರುವುದು ಆಲ್ಪ್ಸ್ ಕಣಿವೆಗಳನ್ನು. ಅಲ್ಲಿನ ಹಳ್ಳಿಗನ ನಿದ್ದೆ ಯಾವ ಬಾಬ್ತಿಗೆ ಸೇರಬೇಕು? ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಸವಾರ ಬರೆದಿಡುವುದು ಪೆಟ್ರೋಲಿನ ಬೆಲೆಯನ್ನು ಮಾತ್ರ. ಕಾರ್ಖಾನೆಯ ಸೈಲೆನ್ಸರ್ ಕಿತ್ತು ಗದ್ದಲದ ಕೊಳವೆ ಜೋಡಿಸುವ ಹಣವಂತೂ ಅನೇಕರಿಗೆ ಖರ್ಚೆಂದೇ ತೋರದು! 2020ರ ಬೇಸಿಗೆಯಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತ್ಯ, ನಿಂತಲ್ಲಿ 95 ಡೆಸಿಬೆಲ್ ಮೀರಿದ ಸದ್ದು ದಾಖಲಾದ ಬೈಕುಗಳನ್ನು ರಾಯ್ಟೆ ಜಿಲ್ಲೆಯ ಕೆಲವು ರಸ್ತೆಗಳಲ್ಲಿ ನಿಷೇಧಿಸಿತು. ಸವಾರರ ಸಂಘಗಳು ಪ್ರತಿಭಟಿಸಿದವು. ಹಾಗಾದರೆ ಬೆಲ್ಟಿನ ಬೆಲೆ ವಿಚಾರಿಸುವ ಮೊದಲು ನೋಂದಣಿ ಪತ್ರದಲ್ಲಿರುವ ಸದ್ದಿನ ಅಂಕಿಯನ್ನು ಓದಲು ಇವರಿಗೇನು ಅಡ್ಡಿ?